ಕೂಗದೆ ಬಿದ್ದ ಮರ

ದಿಬಂಗುವಿನ ಬಲಗೈ ಮುಷ್ಟಿಯನ್ನು ನೋಡದವರು ನಮ್ಮ ಮರ ಕಡಿಯುವ ಶಿಬಿರದಲ್ಲಿ ಯಾರೂ ಇರಲಿಲ್ಲ. ಬಹಳ ಜನ ತೀರ ಹತ್ತಿರದಿಂದಲೇ ನೋಡಿದ್ದರು. ಲಾರಿ ಓಡಿಸುವವನ ಮುಂದಿನ ಎರಡು ಹಲ್ಲು, ಅಡುಗೆಯವನ ದವಡೆ, ಸ್ವಂತ ತಮ್ಮನ ಒಂದು ಕಿವಿ, ಇಷ್ಟೆಲ್ಲ ಆ ಮುಷ್ಟಿಯ ಪಾಲಾಗಿತ್ತು. ಅದಕ್ಕೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ತಾನು ಬಂದಾಗ ಬೆಂಚಿನಿಂದ ಏಳಲಿಲ್ಲವೆಂದು ಒಬ್ಬನಿಗೆ ಬೀಳುತ್ತಿತ್ತು, ಎದ್ದದ್ದು ನಿಧಾನವಾಯಿತೆಂದು ಇನ್ನೊಬ್ಬನಿಗೆ. ಅವನ ಮಾತು ಶುರುವಾಗುತ್ತಿದ್ದದ್ದು "ನಾನು" ಎಂದು, ಮುಗಿಯುತ್ತಿದ್ದದ್ದು "ನಾನು ಯಾರು ಗೊತ್ತಾ" ಎಂದು. ನಡುವೆ ಏಟು.

ನಾನು ಬುವಾಂಗ. ನನ್ನ ಗಂಡ ಇಬಿಂಗ ಈ ದಿಬಂಗುವಿನ ಜೊತೆಗಾರ. ಮಿಮೊಂಗೊ ಕಡೆಯ ಕಾಡಿನಲ್ಲಿ ಇಬ್ಬರೂ ಆರು ವರ್ಷ ಒಟ್ಟಿಗೆ ಒಕುಮೆ ಮರ ಉರುಳಿಸಿದರು. ದಿಬಂಗುವಿನ ಕೈಯಲ್ಲಿ ಯಂತ್ರದ ಗರಗಸ, ಇಬಿಂಗನ ಕೈಯಲ್ಲಿ ಮಚ್ಚು. ಬಳ್ಳಿ ಕೊಚ್ಚಿ, ಮರ ಬೀಳುವ ದಾರಿ ತೆರವು ಮಾಡುವುದು ಇಬಿಂಗನ ಕೆಲಸ. ಕೊನೆಯ ಕೊಯ್ತಕ್ಕೆ ಮೊದಲು ಗರಗಸದವನು ಜೊತೆಗಾರನ ಹೆಸರು ಹಿಡಿದು ಕೂಗಬೇಕು. ಅವನು "ಓ" ಎಂದು ಓಗೊಟ್ಟು ದೂರ ಸರಿಯಬೇಕು. ಓಗೊಡುವ ತನಕ ಗರಗಸ ಆಡಿಸುವಂತಿಲ್ಲ. ಕಂಪನಿಯವರು ಬರೆದು ಹಾಕಿದ ನಿಯಮವಲ್ಲ ಇದು, ನಮ್ಮ ಗಂಡಸರು ಹೆಣ ಹೊತ್ತು ಹೊತ್ತು ಕಲಿತದ್ದು.

ಒಂದು ಬುಧವಾರ ಇಬಿಂಗನನ್ನು ಟಾರ್ಪಾಲಿನಲ್ಲಿ ಸುತ್ತಿ ತಂದರು. ಬಿಚ್ಚಬೇಡ ಎಂದರು. ನಾನು ಬಿಚ್ಚಿದೆ. ಎದೆಯಿಂದ ಮೇಲೆ ನನ್ನ ಗಂಡ ಇದ್ದ, ಕೆಳಗೆ ಇದ್ದದ್ದು ಮಣ್ಣು, ತೊಗಟೆ, ಮಾಂಸ. ಯಾವುದು ಯಾವುದೆಂದು ಹೇಳಲಾಗದ ಹಾಗೆ ಕಲೆತಿತ್ತು.

"ಕೂಗ್ದೆ ಅತ್ತಿಗೆ," ಎಂದ ದಿಬಂಗು. "ಮೂರು ಸಲ ಕೂಗ್ದೆ. ಅವ್ನಿಗೆ ಕೇಳಿಸ್ಲೇ ಇಲ್ಲ."

ನನ್ನ ಗಂಡ ಎಲೆಯ ಮೇಲೆ ಹಾವು ಹರಿದರೂ ಕೇಳಿಸಿಕೊಳ್ಳುತ್ತಿದ್ದವನು. ಹಿಂದಿನ ದಿನ ಊಟದ ಹೊತ್ತಿನಲ್ಲಿ ಅವನು ಎಲ್ಲರೆದುರು ಒಂದು ಮಾತು ಆಡಿದ್ದ: "ದಿಬಂಗು ಮರ ಕಡಿಯೋದೇ ಇಲ್ಲ ಕಣ್ರೋ. ಅವನು ತನ್ನ ಪ್ರತಾಪ ಹೇಳ್ಕೊಂತಾ ಹೋಗ್ತಾನೆ, ಮರ ಕೇಳಿ ಕೇಳಿ ಸಾಕಾಗಿ ತಾನೇ ಬಿದ್ಕೊಳ್ಳುತ್ತೆ." ನಲವತ್ತು ಜನ ಬಾಯಲ್ಲಿದ್ದ ಮರಗೆಣಸು ಹೊರಬರುವಷ್ಟು ನಕ್ಕಿದ್ದರು. ದಿಬಂಗು ಹೊಡೆಯಲಿಲ್ಲ. ಅವನು ಹೊಡೆಯದೇ ಎದ್ದುಹೋದದ್ದು ಅದೊಂದೇ ಸಲ. ಅದನ್ನು ನಾನು ಮರೆಯಲಿಲ್ಲ.

ಆದರೆ ಅನುಮಾನಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಹೂತೆವು. ದಿಬಂಗು ವಾರಕ್ಕೊಮ್ಮೆ ಹೊಗೆಯಾಡಿಸಿದ ಮಾಂಸ ತಂದು ಬಾಗಿಲಲ್ಲಿ ಇಡುತ್ತಿದ್ದ, ನಾನು ನಾಯಿಗೆ ಹಾಕುತ್ತಿದ್ದೆ.

ಎರಡು ವರ್ಷಕ್ಕೆ ಕಂಪನಿ ಬೇರೆ ಕಾಡಿಗೆ ಹೋಯಿತು. ನಾವು ಇಪ್ಪತ್ತಾರು ಕುಟುಂಬ ಹರಿದ ಶಿಬಿರದಲ್ಲೇ ಉಳಿದೆವು. ಐದು ಬುಡಕಟ್ಟು, ಐದು ಭಾಷೆ, ಒಬ್ಬರ ಸತ್ತವರು ಇನ್ನೊಬ್ಬರಿಗೆ ಏನೂ ಅಲ್ಲ. ಊರೆಂದರೆ ಬರೀ ಮನೆಗಳಲ್ಲವಲ್ಲ. ಒಂದು ಬಾಳೆಗೊನೆಯ ಜಗಳದಲ್ಲಿ ಒಬ್ಬನ ಮಣಿಕಟ್ಟು ಹೋಯಿತು. ಒಂದು ಹೆಣ್ಣಿನ ಮಾತಿಗೆ ಅಣ್ಣತಮ್ಮಂದಿರಂತಿದ್ದ ಇಬ್ಬರು ಹೊಳೆಯಲ್ಲಿ ಒಬ್ಬರನ್ನೊಬ್ಬರು ಮುಳುಗಿಸಿಕೊಂಡು ಸತ್ತರು, ಎಳೆದಾಗ ಇಬ್ಬರ ಬೆರಳೂ ಪರಸ್ಪರರ ಕತ್ತಿನಲ್ಲಿದ್ದವು.

ಆಗ ದಿಬಂಗು ಎದ್ದು ನಿಂತ. "ಬ್ವಿಟಿ ಮನೆ ಕಟ್ಟೋಣ, ಎಲ್ರೂ ಕೂತು ಬೇರು ತಿನ್ನೋ ಮನೆ. ಒಂದೇ ಬೇರು ತಿಂದವ್ರು ಒಂದೇ ಹೊಟ್ಟೇಲಿ ಹುಟ್ಟಿದ ಹಾಗೆ. ನಾನು ಕಟ್ಟಿಸ್ತೀನಿ. ನಡುಗಂಬ ನಾನೇ ನೆಡ್ತೀನಿ."

ಇಷ್ಟು ಮಾತಿನಲ್ಲಿ ಎಷ್ಟು ಸಲ ಅವನೇ ಇದ್ದ ನೋಡಿ. ಆದರೂ ಮಾತು ಸರಿಯಾಗಿತ್ತು. ಇಬೋಗದ ಬೇರು ತಿಂದವನು ಸತ್ತು, ಸತ್ತವರನ್ನು ಕಂಡು, ಮತ್ತೆ ಹುಟ್ಟಿ ಬರುತ್ತಾನೆ. ಒಟ್ಟಿಗೆ ಹುಟ್ಟಿದವರು ಮಚ್ಚು ಎತ್ತುವ ಮೊದಲು ಒಂದು ಗಳಿಗೆಯಾದರೂ ಯೋಚಿಸುತ್ತಾರೆ. ಮೇಲಿನ ಹಳ್ಳಿಯಿಂದ ಮೊಗೊವಾ ಎಂಬ ಮುದುಕನನ್ನು ಕರೆತಂದೆವು. ಬೇರಿನ ವಿಷಯದಲ್ಲಿ ಅವನ ಮಾತೇ ಕೊನೆ.

"ಕಂಬ ನೆಡೋದಕ್ಕೆ ತೋಳು ಸಾಲ್ದು ಮಗಾ," ಎಂದ ಮೊಗೊವಾ. "ನೆಡೋನು ಮೊದ್ಲು ಬೇರು ತಿನ್ಬೇಕು. ಮನಸ್ಸಲ್ಲಿ ಏನನ್ನಾದ್ರೂ ಮುಚ್ಚಿಟ್ಕೊಂಡು ತಿಂದ್ರೆ ಬೇರು ನಿನ್ನನ್ನ ತಿನ್ನುತ್ತೆ. ನಿಂಗೆ ತಾಯಿ ಯಾರು?"

ಬೇರು ತಿನ್ನುವವನಿಗೆ ಒಬ್ಬ ತಾಯಿ ಬೇಕು. ಉಣಿಸುವವಳು ಅವಳು, ಸಾಕು ಎನ್ನುವವಳು ಅವಳು, ಹೊಸ ಹೆಸರಿಡುವವಳೂ ಅವಳೇ. ದಿಬಂಗು ಸುತ್ತ ನೆರೆದವರನ್ನೆಲ್ಲ ಒಮ್ಮೆ ನೋಡಿದ. "ಇಬಿಂಗನ ಹೆಂಡ್ತಿ ಉಣಿಸ್ಲಿ. ಹಿಂದಿನಿಂದ ಪಿಸುಗುಟ್ಟೋರೆಲ್ಲ ನೋಡ್ಲಿ, ನನ್ನ ಕೈ ಎಷ್ಟು ಚೊಕ್ಕ ಇದೆ ಅಂತ."

ಈ ತಪ್ಪನ್ನು ಅವನೊಬ್ಬನೇ ಮಾಡಬಲ್ಲ. ಮೀನು ತಾನಾಗಿ ಬುಟ್ಟಿಗೆ ಹಾರಿದರೆ ಬೇಡ ಎನ್ನುವವರುಂಟೆ? ನಾನು ಒಪ್ಪಿದೆ.

ಹೊಳೆಯ ಬಳಿ ತಲೆಯ ಮೇಲೆ ನೀರು ಹೊಯ್ಯುತ್ತಾ ಮೊಗೊವಾ ಅವನ ತಪ್ಪುಗಳನ್ನೆಲ್ಲ ಹೇಳಿಸಿದ. ಒಡೆದ ಹಲ್ಲು, ಮುರಿದ ಪಕ್ಕೆ, ಒದೆ ತಿಂದು ಬಸಿರು ಇಳಿದ ಮೊದಲ ಹೆಂಡತಿ, ಒಂದೊಂದನ್ನೂ ಬಾಯಿ ತುಂಬ ಹೇಳಿದ. ಇಬಿಂಗನ ಹೆಸರು ಬರಲಿಲ್ಲ.

"ನೀನು ತಪ್ಪು ಹೇಳ್ತಿಲ್ಲ, ಬಿರುದು ಓದ್ತಿದ್ದೀಯ," ಎಂದ ಮೊಗೊವಾ.

ಶುಕ್ರವಾರ ಸಂಜೆ ಶುರುವಾದದ್ದು ಭಾನುವಾರ ಮಧ್ಯಾಹ್ನವಾದರೂ ಮುಗಿದಿರಲಿಲ್ಲ. ಶಿಬಿರದ ಒಂದು ಖಾಲಿ ಮನೆಯಲ್ಲಿ ಅವನ ಮೈಗೆ ಬಿಳಿ ಜೇಡಿ ಬಳಿದು, ಎದುರಿಗೆ ಕನ್ನಡಿ ನಿಲ್ಲಿಸಿದ್ದೆವು. ಬೇರಿನ ಪುಡಿಯನ್ನು ನಾನು ಚಮಚ ಚಮಚವಾಗಿ ಬಾಯಿಗಿಡುತ್ತಿದ್ದೆ. ಕಕ್ಕಿದ, ಮತ್ತೆ ಇಟ್ಟೆ. ತೊಡೆ ನಡುಗಿತು, ಕಣ್ಣು ಮೇಲೆ ಹೋಯಿತು, ಮತ್ತೆ ಇಟ್ಟೆ.

"ಏನು ಕಾಣ್ತು?" ಎಂದು ಕೇಳುವುದು ನನ್ನ ಕೆಲಸ.

"ನಾನು."

"ಇನ್ಯಾರು?"

"ನಾನೇ. ನಾನೊಬ್ನೇ."

ಕನ್ನಡಿಯಲ್ಲಿ ತನ್ನನ್ನೇ ಕಾಣುವವನು ಸತ್ತವರ ಕಡೆಗೆ ಇನ್ನೂ ಹೊರಟೇ ಇಲ್ಲ ಎಂದು ಲೆಕ್ಕ, ಇನ್ನಷ್ಟು ಉಣಿಸಬೇಕು. ಉಣಿಸಿದೆ. ಮೊಗೊವಾ ಅವನ ಎದೆಗೆ ಕಿವಿಯಿಟ್ಟು ಕೇಳಿ ನನ್ನ ಮೊಣಕೈ ಹಿಡಿದ. "ಸಾಕು ಬುವಾಂಗ. ಎದೆ ತಪ್ಪಿ ಬಡೀತಿದೆ."

"ತಾಯಿ ನಾನು. ಸಾಕೋ ಬೇಕೋ ನಾನು ಹೇಳ್ತೀನಿ ಅಜ್ಜಾ."

ಸುತ್ತಿ ಬಳಸಿ ಹೇಳುವುದೇಕೆ? ಅವನನ್ನು ಕೊಲ್ಲಲು ಹೊರಟಿದ್ದೆ. ಪದ್ಧತಿಯ ಮರೆಯಲ್ಲಿ, ಎಲ್ಲರೆದುರು, ಚಮಚದಿಂದ. ಅವನು ಬಾಯಿ ಬಿಟ್ಟರೆ ಸತ್ಯ ಸಿಗುತ್ತದೆ, ಬಿಡದಿದ್ದರೆ ಹೆಣ ಸಿಗುತ್ತದೆ, ಎರಡೂ ನನ್ನ ಗೆಲುವೇ ಎಂದುಕೊಂಡಿದ್ದೆ. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಅವನಷ್ಟೇ ದೊಡ್ಡ "ನಾನು" ಇನ್ನೊಂದು ಕೂತಿತ್ತು, ಕೈಯಲ್ಲಿ ಚಮಚ ಹಿಡಿದುಕೊಂಡು.

ಮತ್ತೊಂದು ಚಮಚ ತುಂಬುತ್ತಿರುವಾಗ ಅವನು ಬಲಗೈ ಮುಷ್ಟಿಯಿಂದ ಕನ್ನಡಿಗೆ ಗುದ್ದಿದ. ಗಾಜು ಗೆಣ್ಣಿನೊಳಗೆ ಹೊಕ್ಕಿತು. ನೆಗೆದು ನನ್ನ ಕತ್ತು ಹಿಡಿದ. ನನ್ನನ್ನು ಹಿಚುಕುತ್ತಾನೆ ಎಂದುಕೊಂಡೆ. ಆದರೆ ಅವನು ನನ್ನನ್ನು ಬೀಸಿ ಪಕ್ಕಕ್ಕೆ ಎಸೆದ. ನನ್ನ ಭುಜದ ಮೂಳೆ ಗೋಡೆಗೆ ಬಡಿದು ಲಟಕ್ಕೆಂದಿತು. ನಾನಿದ್ದ ಜಾಗದ ಮೇಲೆ, ಎತ್ತರದಲ್ಲಿ, ಅವನು ಏನನ್ನೋ ನೋಡುತ್ತಿದ್ದ.

"ಇಬಿಂಗಾ, ಸರಿ! ಸರಿಯೋ, ಮರ ಬರ್ತಿದೆ!"

ಆ ಕೂಗಿಗೆ ಹೊರಗೆ ಕೋಳಿಗಳು ಚೆದುರಿದವು. ಅವನು ಕಿವಿಗೊಟ್ಟು ನಿಂತ. ಓಗೊಡುವವರು ಯಾರೂ ಇರಲಿಲ್ಲ. ಮತ್ತೆ ಕೂಗಿದ, ಮತ್ತೆ ಕಾದ. ಮೂರನೆಯ ಸಲ ಗಂಟಲು ಬಿರಿದು ಬಾಯಲ್ಲಿ ರಕ್ತ ಬಂತು. ಆಮೇಲೆ ಕುಕ್ಕರುಗಾಲಲ್ಲಿ ಕುಸಿದು ನನ್ನ ಕಡೆ ತಿರುಗಿದ.

"ಅವತ್ತು ಕೂಗ್ಲಿಲ್ಲ. ನಕ್ಕುಬಿಟ್ರಲ್ಲ ಎಲ್ರೂ... ಗರಗಸ ಆಡಿಸ್ದೆ. ಅವ್ನು ಬೆನ್ನು ಹಾಕಿದ್ದ. ಕೂಗ್ಲಿಲ್ಲ."

ಇಬಿಂಗನ ತಮ್ಮ ಮುಯಿತಿ ಅಲ್ಲೇ ಕೂತಿದ್ದ. ಅವನು ಎದ್ದದ್ದು ಯಾರಿಗೂ ಕಾಣಲಿಲ್ಲ, ಮಚ್ಚು ಇಳಿದದ್ದು ಕಂಡಿತು. ದಿಬಂಗು ಕೈ ಅಡ್ಡ ತಂದ. ಬಲಗೈಯ ಮೂರು ಬೆರಳು ಜೇಡಿಮಣ್ಣಿನ ನೆಲದ ಮೇಲೆ ಬಿದ್ದವು. ಅವನು ಅವನ್ನು ನೋಡಿದ, ಮುಯಿತಿಯನ್ನು ನೋಡಿದ, ಅಡ್ಡ ತಂದಿದ್ದ ಕೈಯನ್ನು ಕೆಳಗಿಳಿಸಿ ಕತ್ತು ಬಾಗಿಸಿದ.

ಮಚ್ಚು ಮತ್ತೆ ಮೇಲೆ ಹೋಯಿತು. ಮುರಿದ ಭುಜ ಎಳೆದುಕೊಂಡು ನಾನು ನಡುವೆ ಬಂದು ನಿಂತೆ.

"ಪಕ್ಕಕ್ಕೆ ಸರಿ ಅತ್ತಿಗೆ," ಎಂದ ಮುಯಿತಿ. "ನಿನ್ನ ಗಂಡನ್ನ ಕೊಂದೋನು ಅವ್ನು."

"ಗೊತ್ತು ಕಣೋ. ಇನ್ನೂ ಹೆಸ್ರಿಟ್ಟಿಲ್ಲ. ಹೆಸ್ರಿಡದೆ ಕೂಸನ್ನ ಕೊಲ್ಲೋ ಹಾಗಿಲ್ಲ."

ಕರುಣೆಯಿಂದ ನಿಂತೆ ಎಂದು ಆಮೇಲೆ ಜನ ಆಡಿಕೊಂಡರು. ಸುಳ್ಳು. ಒಂದೇ ಏಟಿಗೆ ಅವನು ಸತ್ತು ಪಾರಾಗುವುದು ನನಗೆ ಬೇಕಿರಲಿಲ್ಲ. ನೆಲದಲ್ಲಿ ರಕ್ತ ಸುರಿಸುತ್ತಾ ಕೂತವನ ತಲೆ ಮೇಲೆ ಎಡಗೈ ಇಟ್ಟು, ನನ್ನ ಹಕ್ಕಿನ ಪ್ರಕಾರ ಹೆಸರಿಟ್ಟೆ.

"ಇವತ್ತಿಂದ ನೀನು ಇಬಿಂಗ. ಹಳೇ ಹೆಸ್ರು ಸತ್ತೋಯ್ತು. ಅದನ್ನ ಈ ಊರಲ್ಲಿ ಯಾರೂ ಎತ್ಕೂಡ್ದು. ನಾವು ಕರ್ದಾಗೆಲ್ಲ ಓಗೊಡ್ಬೇಕು ನೀನು."

ಮುಯಿತಿ ಮಚ್ಚು ಎಸೆದು ಹೊರಗೆ ಹೋದ. ಮೊಗೊವಾ ಮಾತ್ರ ನನ್ನನ್ನೇ ನೋಡುತ್ತಿದ್ದ. "ದೊಡ್ಡ ಶಿಕ್ಷೆ ಕೊಟ್ಟೆ," ಎಂದ. "ಇಬ್ರಿಗೂ."

ನಡುಗಂಬವನ್ನು ಅವನೇ ನೆಟ್ಟ, ಎರಡು ಬೆರಳು ಉಳಿದ ಕೈಯಲ್ಲಿ. ಆ ಹೊಸ ಮನೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಬೇರು ತಿಂದೆವು. ಐದು ಬುಡಕಟ್ಟಿನ ಸತ್ತವರೆಲ್ಲ ಒಂದೇ ಸೂರಿನಡಿ ಬಂದು ಹೋಗತೊಡಗಿದರು. ಜಗಳ ನಿಂತಿತೆಂದು ಹೇಳುವುದಿಲ್ಲ, ಹೆಣ ಬೀಳುವುದು ಕಮ್ಮಿಯಾಯಿತು. ಹುಡುಗು ಮುಂಡೇವು ಅವನನ್ನು ಕೆಣಕಿ ನೋಡಿದವು. ತಾಳೆಹೆಂಡದ ಗುಡಿಸಲಲ್ಲಿ ಒಬ್ಬ ಅವನ ಕೆನ್ನೆಗೆ ಹೊಡೆದೂ ನೋಡಿದ. ಅವನು ಕೂತಲ್ಲಿಂದ ಏಳಲಿಲ್ಲ. ಕೈ ಮಾತ್ರ ಮೇಜಿನ ಕೆಳಗೆ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತಂತೆ. ಕೋಪ ಹೋಗಿರಲಿಲ್ಲ ಅವನಿಗೆ, ಅದನ್ನು ಹೊರುವ ಹೆಸರು ಹೋಗಿತ್ತು. ಮುಯಿತಿ ನಾಲ್ಕು ವರ್ಷ ಅವನನ್ನು "ಏ" ಎಂದೇ ಕರೆದ. ಐದನೆಯ ವರ್ಷ ಸೂರಿನ ತೊಲೆ ಬದಲಿಸುವಾಗ ಹಗ್ಗ ಜಾರಿ, "ಇಬಿಂಗಾ, ಸರಿ!" ಎಂದು ಕೂಗಿಬಿಟ್ಟ. "ಓ," ಎಂದು ಇವನು ಸರಿದ. ಮುಯಿತಿ ಆವತ್ತು ಊಟ ಮಾಡಲಿಲ್ಲ.

ನಾನಾದರೋ ಬೇಕಿರಲಿ ಬೇಡವಾಗಿರಲಿ ಕರೆಯುತ್ತಿದ್ದೆ. ಇಬಿಂಗಾ, ನೀರು ತಾ. ಇಬಿಂಗಾ, ಸೌದೆ ಒಡೆ. ಪ್ರತಿ ಸಲವೂ ಅವನ ಮುಖಕ್ಕೆ ಚಾಟಿ ಬಿದ್ದಂತಾಗುವುದನ್ನು ನೋಡಲೆಂದೇ ಕರೆಯುತ್ತಿದ್ದೆ. "ಓ ಅವ್ವಾ," ಎಂದು ಬರುತ್ತಿದ್ದ. ವರ್ಷಗಳು ಕಳೆದವು. ಒಂದು ದಿನ ಆ ಹೆಸರು ಕರೆದಾಗ ನನ್ನ ಕಣ್ಣ ಮುಂದೆ ಬಂದದ್ದು ಈ ಎರಡು ಬೆರಳಿನವನ ಮುಖ. ನನ್ನ ಗಂಡನ ಮುಖ ಎಷ್ಟು ಎಳೆದರೂ ಬರಲಿಲ್ಲ. ಅಂದು ಮೊಗೊವಾನ ಮಾತು ಅರ್ಥವಾಯಿತು. ಹೆಸರನ್ನು ಚಾಟಿ ಮಾಡಿಕೊಂಡು ಸವೆಸಿದವಳು ನಾನೇ.

ಹದಿನಾಲ್ಕನೆಯ ವರ್ಷ, ಎರಡು ಮನೆಯ ಗಂಡುಗಳು ಹೊಲದ ಗಡಿಗಾಗಿ ಮಚ್ಚು ಹಿಡಿದು ನಿಂತಿದ್ದಾಗ ಅವನು ನಡುವೆ ಹೋದ. ಒಬ್ಬನ ಮಚ್ಚು ಹೊಟ್ಟೆಗೆ ಬಂತು. ಕರುಳನ್ನು ಆ ಎರಡು ಬೆರಳಿನ ಕೈಯಿಂದ ಅದುಮಿಕೊಂಡೇ ಇಬ್ಬರನ್ನೂ ಕೂರಿಸಿ, "ಒಂದೇ ಬೇರು ತಿಂದೋರು ಕಣ್ರೋ," ಎಂದು ಬೈದನಂತೆ. ನನ್ನ ಅಂಗಳಕ್ಕೆ ಹೊತ್ತು ತಂದರು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ಅವ್ವಾ, ಒಂದೇ ಒಂದ್ಸಲ ಹಳೇ ಹೆಸ್ರು ಕರೀ. ಅವ್ನೂ ಒಬ್ಬ ಇದ್ದ ಅಂತ ಗೊತ್ತಾಗ್ಲಿ."

ಬಾಯಿ ತೆರೆದೆ. ಒಳಗಿದ್ದ ಹಳೆಯ ಹಟ ನಾಲಗೆ ಹಿಡಿಯಿತು. ಅವನು ನನ್ನ ಮುಖವನ್ನೇ ನೋಡುತ್ತಾ ಕಾದ, ಬಹಳ ಹೊತ್ತು ಕಾದ. ಕಾಯುತ್ತಲೇ ಪ್ರಾಣ ಬಿಟ್ಟ. ಅವನು ಅಂದು ಕಾಡಿನಲ್ಲಿ ಕೂಗಲಿಲ್ಲ, ನಾನು ಇಂದು ಅಂಗಳದಲ್ಲಿ ಕೂಗಲಿಲ್ಲ. ಇಬ್ಬರದ್ದೂ ಒಂದೇ ಪಾಪ.

ಮಾರನೆಯ ಬೆಳಿಗ್ಗೆ ಹೂತೆವು. ಮಣ್ಣು ಎಳೆಯುವ ಮೊದಲು ಬೇರು ಉಣಿಸಿದ ತಾಯಿ ಸತ್ತವನ ಹೆಸರು ಹಿಡಿದು ಕೂಗಬೇಕು, ಊರೆಲ್ಲ ಅವನ ಪರವಾಗಿ ಓಗೊಡಬೇಕು. ಎಲ್ಲರೂ ಇಬಿಂಗ ಎಂಬ ಹೆಸರಿಗೆ ಕಾದಿದ್ದರು.

"ದಿಬಂಗೂ," ಎಂದು ಕೂಗಿದೆ.

ಯಾರೂ ಓಗೊಡಲಿಲ್ಲ. ಹಳಬರು ನೆಲ ನೋಡಿದರು. ಕಿರಿಯರಿಗೆ ಅದು ಯಾರ ಹೆಸರೆಂದೇ ಗೊತ್ತಿರಲಿಲ್ಲ. ಮತ್ತೆ ಕೂಗಿದೆ. ಮೂರನೆಯ ಸಲ ಕೂಗಿ, ಸ್ವಲ್ಪ ಹೊತ್ತು ಕಾದು, ಗುಂಡಿಯ ಅಂಚಿಗೆ ಮಂಡಿಯೂರಿ, "ಓ," ಎಂದು ನಾನೇ ಓಗೊಟ್ಟೆ.