ಬೆಳಕಿನಲ್ಲಿ ತಪ್ಪು ಬಾರಿಸುವ ವರ್ಲಿನಾ

ಲಾವೆಂಟಿಲ್ ಗುಡ್ಡದ ಮೇಲೆ ಬೆಳಕು ಹರಿಯುತ್ತಿದೆ. ವಾದ್ಯಮೇಳದ ಅಂಗಳದಲ್ಲಿ ವರ್ಲಿನಾ ಬ್ಯಾಪ್ಟಿಸ್ಟ್ ಉಕ್ಕಿನ ಪೀಪಾಯಿಯಿಂದ ಮಾಡಿದ ತಮ್ಮ ವಾದ್ಯ 'ಪ್ಯಾನ್' ಮುಂದೆ ಬಾಗಿ ನಿಂತಿದ್ದಾರೆ. ರಬ್ಬರು ಸುತ್ತಿದ ಎರಡು ಕೋಲುಗಳು ಒಂದು ಸ್ವರಸಾಲಿನ ಮೇಲೆ ಓಡುತ್ತವೆ, ನಡುವೆ ಎಡವುತ್ತವೆ. "ಮತ್ತೆ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಮತ್ತೆ ಎಡವುತ್ತವೆ.

"ಟ್ಯಾಂಟಿ, ನೀವು ಬಾರಿಸೋದು ಕೇಳಿ ನಮ್ಮನೆ ಹುಂಜ ಕೂಗೋದನ್ನೇ ಬಿಟ್ಬಿಡ್ತು," ಗೇಟಿನ ಬಳಿ ಮೇಳದ ನಾಯಕ ಆಲ್ವಿನ್ ಛೇಡಿಸುತ್ತಾನೆ. ವರ್ಲಿನಾ ಇಲ್ಲಿ ಎಲ್ಲರಿಗೂ ಟ್ಯಾಂಟಿ, ಅಂದರೆ ಅತ್ತೆ.

"ಬಿಡ್ಲಿ ಬಿಡು. ಅದಕ್ಕೂ ರಜೆ ಬೇಡ್ವಾ?"

ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಈ ಅರವತ್ತೆರಡರ ಹೆಂಗಸು ಸಂಜೆ ಇಲ್ಲಿ ಹೊಸಬರಿಗೆ ಕಲಿಸುತ್ತಾರೆ. ಸ್ವರಲಿಪಿ ಇಲ್ಲ, ನೋಡಿ, ಕೇಳಿ, ಕೈಗೆ ಕೂರಿಸುವುದು. ಕಾರ್ನಿವಲ್ ವೇದಿಕೆ ಏರಿದ ಎಷ್ಟೋ ಕೈಗಳನ್ನು ಪಳಗಿಸಿದವರು ಅವರೇ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ.

"ಶಾಲೇಲಿ 'ಇವಳ ತಲೆಗೆ ಏನೂ ಹತ್ತಲ್ಲ' ಅಂದ್ರು ನನ್ನ ಟೀಚರು. ನಾನೂ ನಂಬಿದೆ. ಆಮೇಲೆ ಇಲ್ಲಿಗೆ ಬಂದೆ. ಆಗಿನ ಮುದುಕ ನಾಯಕ ದಡ್ಡಿ ಅನ್ಲಿಲ್ಲ, ಜಾಣೆ ಅಂತ್ಲೂ ಅನ್ಲಿಲ್ಲ. 'ಮತ್ತೆ' ಅಂದ, ಅಷ್ಟೆ," ಎನ್ನುತ್ತಾರೆ ವರ್ಲಿನಾ.

ಈಗ ಅವರಿಗೆ ಸಂಕಟ ತಂದಿರುವುದು ದಡ್ಡಿಯಲ್ಲ, ಜಾಣೆ. ಹದಿನಾರರ ಮೊಮ್ಮಗಳು ಕೆಜಿಯಾಳನ್ನು ಇಡೀ ಗುಡ್ಡವೇ 'ಹುಟ್ಟು ಕಲಾವಿದೆ' ಎಂದು ಹೊಗಳಿ ಬೆಳೆಸಿದೆ. ಈ ವರ್ಷದ ಹಾಡಿನ ಕಠಿಣ ಸಾಲೊಂದು ಅವಳಿಗೆ ಕೂಡಲೇ ಒಲಿಯಲಿಲ್ಲ. ಯಾರೋ ನಕ್ಕರು. "ನನ್ನಲ್ಲಿದ್ದದ್ದು ಮುಗೀತು," ಎಂದು ಕೋಲು ಎಸೆದು ಹೋದವಳು ಮತ್ತೆ ಪ್ಯಾನ್ ಮುಟ್ಟಿಲ್ಲ. ಬರುವ ಶನಿವಾರವೇ ಕಾರ್ನಿವಲ್ ವೇದಿಕೆಗೆ ವಾದಕರ ಆಯ್ಕೆ.

"ತಪ್ಪು ನಂದೇ," ಎನ್ನುವಾಗ ವರ್ಲಿನಾರ ದನಿ ಕುಗ್ಗುತ್ತದೆ. "ಕತ್ತಲಲ್ಲೇ ಮನೆ ಪಕ್ಕದ ಈ ಅಂಗಳಕ್ಕೆ ಬಂದು, ತಪ್ಪೆಲ್ಲ ತಿದ್ಕೊಂಡು, ಅವಳು ಏಳೋ ಹೊತ್ತಿಗೆ ಸರಿಯಾಗಿ ಬಾರಿಸ್ತಿದ್ದೆ. ಮಗು ಅದು ರಕ್ತದಲ್ಲೇ ಬಂದದ್ದು ಅಂದ್ಕೊಂಡ್ಳು."

ಹಾಡ್ತಾ ಹಾಡ್ತಾ ರಾಗ ಎಂಬುದು ನಿಜ. ಆದರೆ ಈ ಮನೆಯಲ್ಲಿ ಮಗುವಿಗೆ ಕೇಳಿಸಿದ್ದು ರಾಗ ಮಾತ್ರ. ಅದಕ್ಕೇ ಈಗ ಅವರ ಅಭ್ಯಾಸ ಬೆಳಕು ಹರಿದ ಮೇಲೆ, ಗೇಟು ತೆರೆದಿಟ್ಟು.

ಮೊಮ್ಮಗಳು ಆಯ್ಕೆಯಾಗಲೆಂಬ ಆಸೆಯಿಲ್ಲವೇ ಎಂದು ಕೇಳಿದರೆ ವರ್ಲಿನಾ ಹೇಳುತ್ತಾರೆ:

"ಇದೆ. ಅದಕ್ಕಿಂತ ಮೊದ್ಲು, ಜನರ ಎದುರು ಒಂದ್ಸಲ ತಪ್ಪಾಗಿ ಬಾರಿಸಿ, ಓಡಿಹೋಗ್ದೆ ಅಲ್ಲೇ ನಿಂತಿರ್ಲಿ."

ಅಷ್ಟರಲ್ಲಿ ಕೆಜಿಯಾ ಅಜ್ಜಿಗೆ ಬಿಸಿ ಕೋಕೋ ತಂದಿದ್ದಾಳೆ. ಲೋಟ ಹಿಡಿದೇ ಕೇಳುತ್ತಾ ನಿಂತಿದ್ದಾಳೆ.

"ಅಜ್ಜಿ, ನಿಂಗೂ ತಪ್ಪುತ್ತಾ?"

"ನಿಮ್ಮಮ್ಮ ಹುಟ್ಟೋಕೆ ಮೊದ್ಲಿಂದ್ಲೂ."

ಹುಡುಗಿ ಲೋಟ ಕೆಳಗಿಟ್ಟು ಕೋಲು ಕೈಗೆತ್ತಿಕೊಳ್ಳುತ್ತಾಳೆ. ಸಾಲು ನಡುವೆಯೇ ಮುರಿಯುತ್ತದೆ. ಗೇಟಿನಿಂದ ಆಲ್ವಿನ್ ನೋಡುತ್ತಿದ್ದಾನೆ. ಅಜ್ಜಿ ಬಾಯಿ ತೆರೆಯುವ ಮೊದಲೇ ಕೆಜಿಯಾ ಮೆಲ್ಲಗೆ ಹೇಳಿಕೊಳ್ಳುತ್ತಾಳೆ: "ಮತ್ತೆ."