ಬುಟ್ಟಿಯಲ್ಲಿ ಹಿಡಿಯದ ಮೋಟರ್

ನಮ್ಮ ಓಣಿಯಲ್ಲಿ ಯಾರೂ ನಳಕ್ಕೆ ಮೋಟರ್ ಹಚ್ಚಬಾರದು ಎಂದು ಮನೆಮನೆಗೆ ಹೋಗಿ ಮಾತು ತೆಗೆದುಕೊಂಡವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನನ್ನ ಮನೆಯ ಕಟ್ಟೆಯ ಮೇಲೆಯೇ, ನನ್ನ ನಳದ ಪೈಪು ಕಚ್ಚಿಕೊಂಡು, ಒಂದು ಮೋಟರ್ ಓಣಿಗೆಲ್ಲ ಕೇಳುವಂತೆ ಗರ್ಜಿಸಲಿದೆ.

ಬೆಟಗೇರಿಯಲ್ಲಿ ನಳ ಬರುವುದೆಂದರೆ ಸಣ್ಣ ಮಾತಲ್ಲ. ವಾರಕ್ಕೊಮ್ಮೆ ಬಂದರೆ ನಮ್ಮ ಪುಣ್ಯ, ಕೆಲವೊಮ್ಮೆ ಅದಕ್ಕೂ ತಡ. ಬಂದ ಮುಂಜಾನೆ ಮಗ್ಗಗಳು ನಿಲ್ಲುತ್ತವೆ, ಒಲೆಯ ಮೇಲೆ ಹಾಲು ಉಕ್ಕಿದರೂ ಯಾರೂ ನೋಡುವುದಿಲ್ಲ, ಮನೆಯಲ್ಲಿರುವ ಕೊಡ, ಬೋಗಾಣಿ, ಚರಿಗೆ ಎಲ್ಲವೂ ಬಾಯಿ ತೆರೆದು ಸಾಲಾಗಿ ಕೂಡುತ್ತವೆ. ನಮ್ಮ ಮನೆ ಓಣಿಯ ಕೊನೆಗಿದೆ. ಉಳಿದವರೆಲ್ಲ ಪೈಪಿಗೆ ಸಣ್ಣ ಮೋಟರ್ ಹಚ್ಚಿ ಎಳೆದುಕೊಂಡರೆ ನಮ್ಮ ನಳ ಬರೀ ಗಾಳಿ ಊದುತ್ತದೆ. ಹೋದ ವರ್ಷದ ಬೇಸಿಗೆಯಲ್ಲಿ ಅದು ಸತತ ಗಾಳಿ ಊದಿತು. ನನ್ನ ಪಿತ್ತ ನೆತ್ತಿಗೇರಿತು. ಬ್ಲೌಸ್ ಹೊಲಿಯುವುದನ್ನು ಬದಿಗಿಟ್ಟು, ನಾಲ್ಕು ಹೆಂಗಸರನ್ನು ಕಟ್ಟಿಕೊಂಡು, ಪ್ರತಿ ಮನೆಯ ಗೋಡೆಗೂ ಕಿವಿ ಕೊಟ್ಟು ಗುಂಯ್ ಎನ್ನುವ ಸದ್ದು ಕೇಳುತ್ತಾ ಹೋದೆ. ಸದ್ದು ಬಂದ ಮನೆಯಲ್ಲಿ ಅಲ್ಲೇ ನಿಂತು ಬಿಚ್ಚಿಸಿದೆ.

ತಮಾಷೆಯೆಂದರೆ ಆ ಮೋಟರ್‌ಗಳಲ್ಲಿ ಅರ್ಧ ನನ್ನ ಗಂಡನ ಕೈಯಿಂದಲೇ ಹೋದವು. ಗದಗಿನ ಕಡೆ ಅವರದೊಂದು ಪಂಪ್ ರಿಪೇರಿ ಅಂಗಡಿಯಿದೆ. ಗಂಡ ಮಾರುವುದು, ಹೆಂಡತಿ ಬಿಚ್ಚಿಸುವುದು, ಒಳ್ಳೆಯ ಸಂಸಾರ ಎಂದು ಓಣಿ ನಕ್ಕಿತು. ಅವರು ಮಾತ್ರ ನಗಲಿಲ್ಲ.

ಎದುರು ಮನೆಯವಳದು ಬೇರೆಯೇ ಕಥೆ. ಅತ್ತಿಗೆಯನ್ನು ಕರೆದಂತೆ ಅವಳನ್ನು ಓಣಿಯೆಲ್ಲ ವೈನಿ ಎನ್ನುತ್ತದೆ. ಹೊಂಬಳದ ಹೆಣ್ಣುಮಗಳು, ನನಗಿಂತ ಹಿರಿಯಳು, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ತನ್ನ ಮನೆಯಲ್ಲಿ ಮೋಟರ್ ಇಲ್ಲವೇ ಇಲ್ಲ ಎಂದು ಆಣೆ ಮಾಡಿದಳು. ಅಂಗಳದಲ್ಲಿ ಕೋಳಿ ಮುಚ್ಚುವ ಬಿದಿರಿನ ಬುಟ್ಟಿ ಬೋರಲಾಗಿ ಬಿದ್ದಿತ್ತು. ಅವರ ಮನೆಯಲ್ಲಿ ಕೋಳಿ ಸಾಕಿದ್ದನ್ನು ನಾನಂತೂ ನೋಡಿರಲಿಲ್ಲ. ನಾಲ್ಕು ಜನರ ಮುಂದೆ ಬುಟ್ಟಿ ಎತ್ತಿದೆ. ಒಳಗೆ ಗೋಣಿಚೀಲ ಸುತ್ತಿಕೊಂಡು ಮೋಟರ್ ಬೆಚ್ಚಗೆ ಕೂತಿತ್ತು. ಅವತ್ತಿನಿಂದ ವೈನಿ ನನ್ನ ಜೊತೆ ಮಾತು ಬಿಟ್ಟಳು. ನನಗೇನೂ ಬೇಸರವಾಗಲಿಲ್ಲ, ನಮ್ಮ ನಳದಲ್ಲಿ ನೀರು ಬರತೊಡಗಿತ್ತು.

ಈಗ ನನ್ನ ತಮ್ಮನ ವಿಷಯಕ್ಕೆ ಬರುತ್ತೇನೆ. ಅವನಿರುವುದು ಮುಂಡರಗಿ ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಹೊಳೆಯಾಚೆಯ ಹೊಲಗಳಿಗೆ ಆಳುಗಳನ್ನೂ ಮೇವನ್ನೂ ದೋಣಿಯಲ್ಲಿ ದಾಟಿಸುವುದು ಅವನ ಕೆಲಸ. ಹುಟ್ಟು ಹಾಕಿ ಹಾಕಿ ಅವನ ಭುಜ ಎಷ್ಟು ಸೋತಿತ್ತೆಂದರೆ, ಊಟಕ್ಕೆ ಕೂತಾಗ ರೊಟ್ಟಿ ಮುರಿಯುವಾಗಲೂ ಮುಖ ಹಿಂಡುತ್ತಿದ್ದ. ಈ ಮಳೆಗಾಲದ ಆರಂಭದಲ್ಲಿ ಕಾರವಾರದ ಕಡೆಯಿಂದ ದೋಣಿಯ ಹಿಂಬದಿಗೆ ಬಿಗಿಯುವ ಹಳೆಯ ಎಂಜಿನ್ ಒಂದನ್ನು ಕೊಂಡು, ಟೆಂಪೋದಲ್ಲಿ ಹಾಕಿಕೊಂಡು ನೇರವಾಗಿ ನಮ್ಮ ಮನೆಗೆ ಬಂದ. ಮೇಲೆ ದಪ್ಪ ತಲೆ, ಕೆಳಗೆ ಉದ್ದನೆಯ ಒಂಟಿ ಕಾಲು, ಕಾಲಿನ ತುದಿಗೆ ಫ್ಯಾನು. ಕಾಲಿನ ಜಾಲರಿಗಳಲ್ಲೆಲ್ಲ ಬಿಳಿಯ ಪುಡಿ ಗಟ್ಟಿಯಾಗಿ ಕೂತಿತ್ತು. ತಮ್ಮ ಅದನ್ನು ಬೆರಳಿನಿಂದ ಸವರಿ ನಾಲಿಗೆಗೆ ಹಚ್ಚಿ, ಉಪ್ಪು ಖರೆ ಐತಿ ಎಂದು ಮೆಚ್ಚಿಕೊಂಡ.

ಸಮುದ್ರದಲ್ಲಿ ಓಡಿದ ಎಂಜಿನ್ ಅದು. ಓಡುವಾಗ ಕಾಲಿನ ಕೆಳಗಿಂದ ನೀರು ಹೀರಿಕೊಂಡು, ಆ ನೀರಿನಿಂದ ಮೈ ತಣ್ಣಗೆ ಮಾಡಿಕೊಂಡು, ತಲೆಯ ಹತ್ತಿರವಿರುವ ಒಂದು ಸಣ್ಣ ತೂತಿನಿಂದ ಹೊರಗೆ ಉಗುಳುತ್ತದಂತೆ. ಕುಡಿದ ಉಪ್ಪುನೀರು ಹೊಟ್ಟೆಯಲ್ಲೆಲ್ಲ ಹರಳುಗಟ್ಟಿರುವುದರಿಂದ, ಮೊದಲು ಒಳ್ಳೆಯ ನೀರು ಕುಡಿಸಿ ತೊಳೆಯಬೇಕು ಎಂದು ಮಾರಿದವನು ಹೇಳಿ ಕಳಿಸಿದ್ದ. ಅದಕ್ಕೆಂದೇ ಎರಡು ರಬ್ಬರಿನ ಬಟ್ಟಲು ಕೊಟ್ಟಿದ್ದ. ಎಂಜಿನ್ನಿನ ಕಾಲಿಗೆ ಎರಡೂ ಕಡೆ ಅವನ್ನು ಕಚ್ಚಿಸಿ, ನಳದ ಪೈಪು ಸಿಕ್ಕಿಸಿ, ನೀರು ಬಿಟ್ಟು ಚಾಲೂ ಮಾಡಬೇಕು.

ಹೊಳೆಯ ದಂಡೆಯಲ್ಲೇ ಮನೆಯಿಟ್ಟುಕೊಂಡವನು ನೀರು ಕುಡಿಸಲು ಬೆಟಗೇರಿಗೆ ಯಾಕೆ ಬಂದೆ ಎಂದು ಕೇಳಿದೆ. ನಮ್ಮ ನಳಕ್ಕೆ ಬರುವುದೂ ಅವನ ಹೊಳೆಯ ನೀರೇ. ಹೊಳೆಗೆ ಈಗ ಹೊಸ ನೀರು ಬಂದಿದೆ, ಬರೀ ಕೆಂಪು ರಾಡಿ, ಉಪ್ಪಿನ ಮೇಲೆ ರಾಡಿ ಕೂತರೆ ಒಳಗೆ ಸಿಮೆಂಟ್ ಆದಂತೆ ಎಂದ ತಮ್ಮ. ನಮ್ಮ ಬೋರಿನ ನೀರು ಸವಳು, ಅದು ಬೇಡ. ಸೋಸಿ ಬರುವ ನಳದ ನೀರೇ ಬೇಕು. ನನ್ನ ಗಂಡ ಆಗಲೇ ಎಂಜಿನ್ನಿನ ಸುತ್ತ ಮೂರು ಸುತ್ತು ಹಾಕಿ, ನೆಲದಾಳದಿಂದ ನೀರು ಎತ್ತಿದವನಿಗೆ ಇದೇನು ದೊಡ್ಡದು ಎನ್ನುವ ಮುಖ ಮಾಡಿಕೊಂಡಿದ್ದರು.

ಮೊದಲು ಮಾಳಿಗೆಯ ಮೇಲೆ ಮಳೆನೀರು ಹಿಡಿದಿಟ್ಟ ಟ್ಯಾಂಕಿನಿಂದ ಪೈಪು ಇಳಿಸಿ ನೋಡಿದರು. ನೀರು ದಾರದ ಎಳೆಯಂತೆ ಬಂತು, ಒತ್ತಡ ಸಾಲಲಿಲ್ಲ. ಆಮೇಲೆ ಇಬ್ಬರೂ ಸೇರಿ ನನ್ನ ಕುಡಿಯುವ ನೀರಿನ ಡ್ರಮ್ಮಿನ ಕಡೆ ನೋಡತೊಡಗಿದರು. ಎಂಜಿನ್ನಿನ ಕಾಲನ್ನು ಪೂರ್ತಿ ಅದರೊಳಗೆ ಇಳಿಸಿ ಚಾಲೂ ಮಾಡಿದರೂ ನಡೆಯುತ್ತದಂತೆ. ಆ ಕಾಲು ಡ್ರಮ್ಮಿಗೆ ಇಳಿದರೆ ಇವತ್ತಿನಿಂದ ಇಬ್ಬರೂ ಅದೇ ನೀರು ಕುಡಿದು, ಅದರಲ್ಲೇ ಬೇಯಿಸಿದ ಬೇಳೆ ಉಣ್ಣಬೇಕು ಎಂದು ಹೇಳಿದೆ. ಇಬ್ಬರೂ ನಳ ಬರುವವರೆಗೆ ಕಾಯಲು ಒಪ್ಪಿದರು. ಎಂಜಿನ್ನನ್ನು ಕಟ್ಟೆಯ ಮೇಲೆ ಹಳೆಯ ಬೆಂಚಿನ ಹಲಗೆಗೆ ಬಿಗಿದು ನಿಲ್ಲಿಸಿದರು. ಓಣಿಯ ಹುಡುಗರು ಮುಟ್ಟಿ ಮುಟ್ಟಿ ನೋಡುತ್ತಾರೆಂದು ನಾನು ಅದರ ಮೇಲೆ ಹಳೆಯ ಕೌದಿಯೊಂದನ್ನು ಹೊದಿಸಿದೆ. ಇದು ನನ್ನ ಮೊದಲ ತಪ್ಪು.

ನಳ ಬಂದದ್ದು ಒಂದು ಮುಂಜಾನೆ, ನಾನು ಕಸ ಗುಡಿಸುತ್ತಿದ್ದಾಗ. ಮೊದಲು ಕೊಡ ತುಂಬಿಕೊಂಡೆ, ಆಮೇಲೆ ಪೈಪು ಅವರಿಗೆ ಬಿಟ್ಟುಕೊಟ್ಟೆ. ಗಂಡ ಫ್ಯಾನು ಬಿಚ್ಚಿಟ್ಟಿದ್ದರು, ರಬ್ಬರಿನ ಬಟ್ಟಲು ಕಚ್ಚಿಸಿದರು. ಬಟ್ಟಲುಗಳ ಸಂದಿನಿಂದ ನೀರು ಸೋರತೊಡಗಿತು. ನಳದ ನೀರು ಗಟಾರಕ್ಕೆ ಹರಿಯುವುದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗದ ಕೆಲಸ. ಒಳಗೆ ಹೋಗಿ ಇದ್ದುದರಲ್ಲೇ ದೊಡ್ಡ ಬೋಗಾಣಿ ತಂದು ಕೆಳಗಿಟ್ಟೆ. ಇದು ಎರಡನೆಯ ತಪ್ಪು.

ತಮ್ಮ ಹಗ್ಗ ಎಳೆದ. ಇನ್ನೊಮ್ಮೆ ಎಳೆದ. ಎಂಜಿನ್ ಕೆಮ್ಮಿ, ಹೊಗೆ ಬಿಟ್ಟು, ಒಮ್ಮೆಲೇ ಬಾಯಿ ಮಾಡಿತು. ಆ ಸದ್ದಿಗೆ ಓಣಿಯ ಎಲ್ಲ ಬಾಗಿಲುಗಳೂ ತೆರೆದವು. ಅದೇ ಹೊತ್ತಿಗೆ ಸರಿಯಾಗಿ ನಳದ ರಭಸ ಕಡಿಮೆಯಾಯಿತು. ಅದು ಪ್ರತಿ ಸಲ ಆಗುವುದೇ, ಮುಂದಿನ ಓಣಿಗೆ ನೀರು ತಿರುಗಿಸಿದಾಗ ಹಾಗಾಗುತ್ತದೆ. ಆದರೆ ಗರ್ಜಿಸುವ ಮೋಟರ್ ಕಣ್ಣೆದುರಿಗೆ ಇರುವಾಗ ಮುಂದಿನ ಓಣಿಯನ್ನು ಯಾರು ನೆನೆಸುತ್ತಾರೆ? ಎಲ್ಲರೂ ಅರ್ಧ ತುಂಬಿದ ಕೊಡ ಹಿಡಿದುಕೊಂಡು ನಮ್ಮ ಕಟ್ಟೆಯ ಮುಂದೆ ನೆರೆದರು. ಎಲ್ಲರಿಗಿಂತ ಮುಂದೆ ವೈನಿ. ಅವಳು ಎಂಜಿನ್ ನೋಡಿದಳು, ಪೈಪು ನೋಡಿದಳು, ಬೋಗಾಣಿ ನೋಡಿದಳು, ಬದಿಗೆ ಬಿದ್ದಿದ್ದ ಕೌದಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದಳು. ಒಂದು ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಇದು:

"ನಂದು ಬುಟ್ಟ್ಯಾಗ ಹಿಡೀತಿತ್ತವಾ ತಂಗಿ. ನಿಂದಕ್ಕ ಕೌದಿ ಬೇಕಾತು ನೋಡು."

ನೆಲ ಬಿರಿದರೆ ಒಳಗೆ ಹೋಗುತ್ತಿದ್ದೆ. ಇದು ನೀರು ಎಳೆಯುವ ಮೋಟರ್ ಅಲ್ಲ, ದೋಣಿಗೆ ಹಾಕುವುದು ಎಂದೆ. ಬೆಟಗೇರಿಯಲ್ಲಿ ದೋಣಿ ಎಲ್ಲಿ ಬಿಡುತ್ತೀರಿ ಎಂದು ಯಾರೋ ಹಿಂದಿನಿಂದ ಕೇಳಿದರು. ಜನ ನಕ್ಕರು. ಗೋಡೆಗಳಿಗೆ ಕಿವಿಯಿಟ್ಟು ತಿರುಗಿದವಳ ಮನೆಯ ಸದ್ದು ಈಗ ಹೊಂಬಳದವರೆಗೆ ಕೇಳುತ್ತಿರಬೇಕು ಎಂದು ಇನ್ನೊಬ್ಬಳು ಅಂದಳು. ನನ್ನ ಜೊತೆ ಬೇಸಿಗೆಯಲ್ಲಿ ಮನೆಮನೆಗೆ ಬಂದಿದ್ದ ನಾಲ್ಕು ಹೆಂಗಸರು ಕೂಡ ವೈನಿಯ ಬದಿಗೆ ನಿಂತಿದ್ದರು. ಇವತ್ತು ನಾನು ಸುಳ್ಳಿಯೆಂದಾದರೆ ನಾಳೆ ಒಂದೊಂದು ಮನೆಯಲ್ಲೂ ಮೋಟರ್ ಮತ್ತೆ ಕೂಡುತ್ತದೆ, ನಮ್ಮ ನಳ ಮತ್ತೆ ಗಾಳಿ ಊದುತ್ತದೆ.

ಅಷ್ಟರಲ್ಲಿ ನಗರಸಭೆಯ ನೀರು ಬಿಡುವವನು ವಾಲ್ವ್ ತಿರುಗಿಸುವ ತನ್ನ ಉದ್ದನೆಯ ಕಬ್ಬಿಣದ ಕೀಲಿಯನ್ನು ಬೈಕಿಗೆ ಕಟ್ಟಿಕೊಂಡು ಬಂದ. ಬೇಸಿಗೆಯಲ್ಲಿ ಅವನಿಗೆ ಚಹಾ ಕೊಟ್ಟು, ಮೋಟರ್ ಹಚ್ಚಿದವರ ನಳ ಕಡಿದುಬಿಡು ಎಂದು ಹೇಳಿದ್ದವಳೂ ನಾನೇ. ಅವನಿಗೆ ಆ ಮಾತು ಚೆನ್ನಾಗಿ ನೆನಪಿತ್ತು. ಕುಕ್ಕರಗಾಲಿನಲ್ಲಿ ಕೂತು ಕೆಳಗೆಲ್ಲ ನೋಡಿದ.

"ಕೆಳಗ ಬೋಗಾಣಿ ಇಟ್ಟೀರಿ. ಮತ್ತ ನೀರು ಎಳ್ಯಾಕತ್ತಿಲ್ಲ ಅಂತೀರಿ. ನಾ ಏನಂತ ತಿಳ್ಕೊಳ್ಳಿ ಅಕ್ಕಾರ?"

ಗಂಡ ಎಂಜಿನ್ ಬಂದ್ ಮಾಡಿದರು. ಜನರ ಸಲುವಾಗಿ ಅಲ್ಲ, ತೂತಿನಿಂದ ನೀರು ಬಂದಿರಲಿಲ್ಲವೆಂದು. ನೀರು ಸಿಗದೆ ಓಡಿದರೆ ಒಳಗಿನ ರಬ್ಬರು ಸುಟ್ಟುಹೋಗುತ್ತದಂತೆ. ಅವರ ಲಕ್ಷ್ಯವೆಲ್ಲ ಎಂಜಿನ್ನಿನ ಮೇಲೆಯೇ, ಹೆಂಡತಿಯ ಮಾನ ಕಟ್ಟೆಯ ಮೇಲೆ ಹರಾಜಾಗುತ್ತಿರುವುದು ಅವರ ಗಮನಕ್ಕೇ ಬಂದಿರಲಿಲ್ಲ. ನಾನು ರಟ್ಟೆ ಹಿಡಿದು ಅಲುಗಿಸಿದ ಮೇಲೆ ಜನರ ಕಡೆ ತಿರುಗಿ, ಇದು ನೀರು ಕುಡಿದು ಇಲ್ಲಿಂದ ಉಗುಳುವ ಯಂತ್ರ ಎಂದು ತೂತು ತೋರಿಸಿದರು. ಹಾಗಾದರೆ ಉಗುಳಲಿ ನೋಡೋಣ ಎಂದಳು ವೈನಿ. ನೀರು ಬಿಡುವವನೂ ಅದನ್ನೇ ಒಪ್ಪಿದ: ಉಗುಳಿದರೆ ಅದು ದೋಣಿಯದು, ಉಗುಳದಿದ್ದರೆ ನಳ ಕಡಿಯುವುದು.

ಒಂದು ಕಬ್ಬಿಣದ ತೂತಿನ ಮುಂದೆ ನಾನು ಅಷ್ಟು ಭಕ್ತಿಯಿಂದ ಹಿಂದೆಂದೂ ನಿಂತಿರಲಿಲ್ಲ.

ರಬ್ಬರಿನ ಬಟ್ಟಲು ಸರಿದಿರಬೇಕೆಂದು ಗಂಡ ಬಿಚ್ಚಿ ಮತ್ತೆ ಕಚ್ಚಿಸಿದರು. ಚಾಲೂ ಮಾಡಿದರು. ನೀರಿಲ್ಲ. ರಭಸ ಸಾಲದೇನೋ ಎಂದರು. ಆಗ ವೈನಿ ಹಿಂದೆ ತಿರುಗಿ ನೋಡಿ, ಎಲ್ಲರೂ ಹೋಗಿ ತಮ್ಮ ತಮ್ಮ ನಳ ಬಂದ್ ಮಾಡಿ ಬರಲಿ, ನಾಳೆ ಇವರು ನೆಪ ಹೇಳಬಾರದು ಎಂದು ಹುಕುಂ ಮಾಡಿದಳು. ನಳ ಬಂದ ಹೊತ್ತಿನಲ್ಲಿ ಓಣಿಯೆಲ್ಲ ನಳ ಬಂದ್ ಮಾಡಿದ್ದು ಅದೇ ಮೊದಲು. ಪೈಪು ಉಬ್ಬಿತು. ಆದರೂ ತೂತು ಒಣಗಿಯೇ ಇತ್ತು. ತಮ್ಮ ಸೋತ ಮುಖ ಮಾಡಿ, ನೀರು ತಳ್ಳುವ ರಬ್ಬರಿನ ಚಕ್ರ ಮುರಿದಿರಬೇಕು, ಕಾಲು ಪೂರ್ತಿ ಬಿಚ್ಚಬೇಕು ಎಂದ. ಅಷ್ಟರಲ್ಲಿ ನಳ ಹೋಗಿಬಿಡುತ್ತದೆ. ನೀರು ಬಿಡುವವನು ಎದ್ದು ಬೈಕಿನಿಂದ ಕೀಲಿ ಬಿಚ್ಚತೊಡಗಿದ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ವೈನಿ ಕಟ್ಟೆ ಹತ್ತಿ ಬಂದಳು. ತೂತಿಗೆ ಕಣ್ಣು ಹಚ್ಚಿ ನೋಡಿದಳು. ಆಮೇಲೆ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಗ್ಯಾಸಿನ ಬರ್ನರ್ ಚುಚ್ಚುವ ಹಾಗೆ ತಿರುವಿ ತಿರುವಿ ಚುಚ್ಚಿದಳು. ಒಣಮಣ್ಣು ಉದುರಿತು. ಇನ್ನಷ್ಟು ಕೆದಕಿದಾಗ ಒಂದು ಒಣಗಿದ ಹುಳು ಬಿತ್ತು. ಕಾರವಾರದಲ್ಲಿ ಸುಮ್ಮನೆ ಬಿದ್ದಿದ್ದ ದಿನಗಳಲ್ಲಿ ಕುಂಬಾರ ಹುಳ ಆ ತೂತಿನೊಳಗೆ ಮಣ್ಣು ಮೆತ್ತಿ ಸಂಸಾರ ಹೂಡಿತ್ತು.

"ಈಗ ಹಚ್ಚೋ ತಮ್ಮಾ," ಎಂದಳು ನನ್ನ ತಮ್ಮನಿಗೆ.

ತಮ್ಮ ಹಗ್ಗ ಎಳೆದ. ಎಂಜಿನ್ ಒಂದು ಕ್ಷಣ ತೊದಲಿ, ಆಮೇಲೆ ಕಾರವಾರದ ಮಣ್ಣು, ಉಪ್ಪು, ತುಕ್ಕು ಎಲ್ಲವನ್ನೂ ಸೇರಿಸಿ ನೀರು ಬಿಡುವವನ ಅಂಗಿಯ ಮೇಲೆ ಉಗುಳಿತು. ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೀಲಿ ಕೈಯಲ್ಲಿ ಹಿಡಿದೇ ಅವನೂ ನಕ್ಕ. ಸ್ವಲ್ಪ ಹೊತ್ತಿಗೆ ರಾಡಿ ಹೋಗಿ, ಕಿರುಬೆರಳ ಗಾತ್ರದ ತಿಳಿ ನೀರು ಬಿಲ್ಲಿನಂತೆ ಬಾಗಿ ಬೀಳತೊಡಗಿತು. ನಾನು ಕಟ್ಟೆಯ ಮೇಲೆಯೇ ಕೂತೆ.

ಅಲ್ಲಿದ್ದ ಗಂಡಸರು ಎಂಜಿನ್ ನೋಡುತ್ತಿದ್ದರು. ವೈನಿ ಮಾತ್ರ, ಬೀಳುವ ನೀರನ್ನು ಕಂಡ ನಮ್ಮೂರಿನ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದಳು. ತನ್ನ ಅರ್ಧ ತುಂಬಿದ ಕೊಡವನ್ನು ತಂದು ಅದರ ಕೆಳಗೆ ಹಿಡಿದಳು. ಧಾರೆಗೆ ಕೈಯೊಡ್ಡಿ ನನ್ನ ಕಡೆ ತಿರುಗಿದಳು.

"ಬೆಚ್ಚಗದಾವಲ್ಲ ನೀರು. ಹಿತ್ತಲದಾಗ ಭಾಂಡೆ ಬೆಳಗಾಕ ಆತು."

ಕೊಡ ತುಂಬಿಕೊಂಡು ಮನೆಗೆ ಹೋದವಳು ತಕ್ಷಣ ತಿರುಗಿ ಬಂದಳು. ಕೈಯಲ್ಲಿ ಅದೇ ಬಿದಿರಿನ ಬುಟ್ಟಿ. ನೀರು ಬಿಡುವವನೂ ಜನರೂ ಇನ್ನೂ ಅಲ್ಲೇ ಇದ್ದರು. ಒದ್ದೆ ಕೌದಿ ಮುಗ್ಗಲು ಹಿಡಿಯುತ್ತದೆ, ಇದನ್ನು ಮುಚ್ಚು ಎಂದು ಹೇಳಿ, ಎಲ್ಲರೆದುರಿಗೆ ಬುಟ್ಟಿಯನ್ನು ಎಂಜಿನ್ನಿನ ತಲೆಯ ಮೇಲೆ ಬೋರಲು ಹಾಕಿದಳು. ತಲೆಯಷ್ಟೇ ಹಿಡಿಯಿತು. ಸಂಜೆ ಟೆಂಪೋ ಬರುವವರೆಗೂ ಆ ಬುಟ್ಟಿ ನನ್ನ ಕಟ್ಟೆಯ ಮೇಲೆ ಓಣಿಗೆಲ್ಲ ಕಾಣುವಂತೆ ಕೂತಿತ್ತು.

ತಮ್ಮನ ಎಂಜಿನ್ ಈಗ ಹೊಳೆಯಲ್ಲಿ ಓಡುತ್ತಿದೆ, ಅವನ ಬಳೆಯಿಲ್ಲದ ಕೈಯಲ್ಲೂ ಒಂದು ಪಿನ್ನು ಇರುತ್ತದೆ. ನಮ್ಮ ಓಣಿಯ ನಳಗಳಿಗೆ ಇವತ್ತಿಗೂ ಮೋಟರ್ ಇಲ್ಲ. ಬುಟ್ಟಿ ನಮ್ಮ ಮನೆಯಲ್ಲೇ ಉಳಿದಿದೆ. ಅದನ್ನು ಒಯ್ಯಲೆಂದು ವೈನಿ ಪ್ರತಿ ನಳದ ದಿನ ಕೊಡಗಳೆಲ್ಲ ತುಂಬಿದ ಮೇಲೆ ಬರುತ್ತಾಳೆ, ಕೂತು ಚಹಾ ಕುಡಿಯುತ್ತಾಳೆ, ಓಣಿಯವರನ್ನೆಲ್ಲ ಬೈಯುತ್ತಾಳೆ, ಬುಟ್ಟಿ ಮರೆತು ಹೋಗುತ್ತಾಳೆ. ನಾನೂ ನೆನಪು ಮಾಡಿಕೊಡುವುದಿಲ್ಲ.