ತಂಗಿಯ ಕೇಸಿನಲ್ಲಿ ನನ್ನ ಸಾಕ್ಷಿ

ನನ್ನ ತಂಗಿಯನ್ನು ಅವಳ ಗಂಡ ಒಂದು ದಿನವೂ ಹೊಡೆಯಲಿಲ್ಲ. ಕುಡಿತವಿಲ್ಲ, ಬೇರೆ ಹೆಣ್ಣಿನ ಸಹವಾಸವಿಲ್ಲ. ಕಾಗವಾಡದ ಹತ್ತಿರ ದ್ರಾಕ್ಷಿ ತೋಟವಿದ್ದ ಮನೆ. ನಮ್ಮ ಕಬ್ಬೂರಿನ ಜನ ಹೊಟ್ಟೆಕಿಚ್ಚು ಪಡುವಂಥ ಸಂಬಂಧ. ಅವನು ಮಾಡುತ್ತಿದ್ದದ್ದು ಇಷ್ಟೇ: ಅವಳು ಬಡಿದಿಟ್ಟ ರೊಟ್ಟಿಯನ್ನು ಅವಳ ಕಣ್ಣೆದುರೇ ಎಮ್ಮೆಗೆ ಹಾಕಿ, ತಾನು ಪಕ್ಕದಲ್ಲಿದ್ದ ತನ್ನ ಅಣ್ಣನ ಮನೆಗೆ ಹೋಗಿ ಉಣ್ಣುತ್ತಿದ್ದ. ಅವಳೊಡನೆ ಮಾತಿಲ್ಲ. ಏನಾದರೂ ಹೇಳುವುದಿದ್ದರೆ ಅವಳ ಮುಂದೆಯೇ ನಿಂತು ತಾಯಿಗೆ ಹೇಳುತ್ತಿದ್ದ, "ಆ ಹೆಂಗಸಿಗಿ ಹೇಳು" ಎಂದು. ಹೀಗೆ ಆರು ವರ್ಷ.

ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯುವ ಆಸೆ ಈಗಲೂ ಆಗುತ್ತದೆ, ಆದರೆ ಒಂದು ಸಲ ಸುಳ್ಳು ಹೇಳಿದ್ದೇ ಸಾಕಾಗಿದೆ.

ಮದುವೆಯಾದ ಮೇಲಿನ ಎರಡನೆಯ ನಾಗರಪಂಚಮಿಗೆ ನಾನೇ ಹೋಗಿ ಅವಳನ್ನು ತವರಿಗೆ ಕರೆತಂದಿದ್ದೆ. ಹಿತ್ತಲಲ್ಲಿ ನಿಂತು ಎಲ್ಲ ಹೇಳಿದಳು. "ಅಣ್ಣಾ, ಆ ಮನ್ಯಾಗ ನಾ ಮನಷ್ಯಾಳಽ ಅಲ್ಲ. ತಿರಗಿ ಕಳಸಬ್ಯಾಡ."

"ಸ್ವಲ್ಪ ತಡಕೋ. ಒಂದ್ ಕೂಸಾದ್ರ ಎಲ್ಲಾ ಸರಿ ಹೋಗ್ತೈತಿ" ಎಂದೆ. ನನ್ನ ಜಾಣತನ ಅಷ್ಟಕ್ಕೇ ಮುಗಿದಿತ್ತು.

ಹಬ್ಬ ಮುಗಿದ ಮೇಲೆ ಬುತ್ತಿ ಕಟ್ಟಿಸಿದೆ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಥರದ ಉಂಡಿ. ಪಂಚಮಿಗೆ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸಿದರೆ ತವರಿನ ಮಾನ ಹೋಗುತ್ತದೆ. ಬುಟ್ಟಿ ಹೊತ್ತು ಬಸ್ಸು ಹತ್ತಿದೆ, ಬೀಗರ ಓಣಿಯ ಜನ ನೋಡುವ ಹಾಗೆ ನಡೆದು ಅವಳನ್ನು ಬಿಟ್ಟುಬಂದೆ. ಮುಂದಿನ ವರ್ಷವೂ ಬಿಟ್ಟುಬಂದೆ. ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ.

ಆರನೆಯ ವರ್ಷ, ಹಬ್ಬವೂ ಇಲ್ಲ ಹುಣ್ಣಿಮೆಯೂ ಇಲ್ಲ, ಒಂದು ಮಧ್ಯಾಹ್ನ ಅವಳೊಬ್ಬಳೇ ಬಂದಳು. ಮತ್ತೆ ಹೋಗಲಿಲ್ಲ. ಮಾನಸಿಕ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೇಳಿ ಅರ್ಜಿ ಹಾಕಿದೆವು. "ಮೈಮ್ಯಾಲ ಗಾಯ ಇಲ್ಲ, ದವಾಖಾನಿ ಕಾಗದ ಇಲ್ಲ. ನಿಮ್ಮ ಸಾಕ್ಷಿ ಮ್ಯಾಲ ಕೇಸ ನಿಂತೈತಿ" ಎಂದು ನಮ್ಮ ವಕೀಲರು ನನಗೆ ಹತ್ತು ಸಲ ಹೇಳಿದ್ದರು.

ಕೋರ್ಟಿನಲ್ಲಿ ನಾನು ಸಾಕ್ಷಿಗೆ ನಿಂತಾಗ ಎದುರು ವಕೀಲರು ಗದರಲಿಲ್ಲ. ಮನೆಯ ಸುದ್ದಿ ಕೇಳುವಂತೆ ಕೇಳಿದರು. "ಪಂಚಮಿಗೆ ಕರಕೊಂಡ ಬರ್ತಿದ್ರಿ?"

"ಹೌದ್ರಿ."

"ಬುತ್ತಿ ಕಟ್ಟಿ ಕಳಸ್ತಿದ್ರಿ?"

"ಒಂದ್ ವರ್ಷಾನೂ ತಪ್ಪಿಸಿಲ್ರಿ." ಎದೆಯುಬ್ಬಿಸಿಯೇ ಹೇಳಿದೆ, ದಡ್ಡ.

"ತಂಗಿ ಅಷ್ಟು ತ್ರಾಸ ಹೇಳಿಕೊಂಡಿದ್ರ, ಯಾವ ಅಣ್ಣ ಬುತ್ತಿ ಹೊತಗೊಂಡು ಹೋಗಿ ಅದಽ ಮನ್ಯಾಗ ಬಿಟ್ಟ ಬರ್ತಾನ್ರಿ?"

ಹಿಂದಿನ ಬೆಂಚಿನಲ್ಲಿ ನಮ್ಮ ಕಾಕಾ, ಓಣಿಯ ಇಬ್ಬರು ಹಿರಿಯರು ಕೂತಿದ್ದರು. ಬಲ ಇರಲಿ ಎಂದು ನಾನೇ ಕರೆದುಕೊಂಡು ಹೋಗಿದ್ದೆ. ನಾನು ಬಿಟ್ಟುಬಂದೆ, ನಾಲ್ಕು ಜನರ ಬಾಯಿಗೆ ಹೆದರಿ ಬಿಟ್ಟುಬಂದೆ ಎನ್ನುವ ಮಾತು ಗಂಟಲವರೆಗೆ ಬಂತು. ಅವರ ಮುಂದೆ ಅದನ್ನು ಆಡಲು ನಾಚಿಕೆಯಾಯಿತು.

"ಅಂಥಾ ದೊಡ್ಡದೇನೂ ಹೇಳಿರಲಿಲ್ರಿ" ಎಂದೆ. ಅದನ್ನು ಟೈಪ್ ಮಾಡಿಕೊಂಡರು.

ಅರ್ಜಿ ವಜಾ ಆಯಿತು. ಗಂಡ ಹೆಂಡಿರ ನಡುವಿನ ಸಣ್ಣಪುಟ್ಟ ವಿರಸ ಎಂದು ಆದೇಶದಲ್ಲಿತ್ತು, ಅದಕ್ಕೆ ಆಧಾರವಾಗಿ ನನ್ನದೇ ಮಾತಿತ್ತು. ಅಪೀಲು ಹೋಗೋಣ ಎಂದರು ವಕೀಲರು. ಕಾನೂನಿನ ಲೆಕ್ಕದಲ್ಲಿ ಅವಳು ಇವತ್ತಿಗೂ ಅವನ ಹೆಂಡತಿ. ಇದು ನನ್ನ ಕೈಯಿಂದ ಆದದ್ದು, ಬೇರೆ ಯಾರನ್ನೂ ಬೈಯಲು ನನಗೆ ಬಾಯಿಲ್ಲ.

ನಾನು ಸಾಕ್ಷಿ ಹೇಳಿದ ದಿನ ಕೋರ್ಟಿನ ಮೆಟ್ಟಿಲ ಮೇಲೆ ಅವಳು ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದಳು: "ಅಣ್ಣಾ, ಅವತ್ತ ಹಿತ್ತಲದಾಗ ನಾ ಹೇಳಿದ್ದು ನಿನಗ ನೆನಪಿತ್ತಿಲ್ಲೋ?"

"ಇತ್ತವಾ. ಎಲ್ಲಾ ನೆನಪಿತ್ತು."

"ಹಂಗಾರ ಆತು" ಎಂದಳು. "ನನಗಽ ನೆಟ್ಟಗ ಹೇಳಾಕ ಬರಲಿಲ್ಲೇನೋ ಅಂತ ಇಷ್ಟ ವರ್ಷ ತಿಳಕೊಂಡಿದ್ದೆ."